ಯಾವ ಕಾಲು, ಯಾವ ಗಳಿಗೆಯಲ್ಲಿ?

ಪ್ರಿಯ ಲೇಖಕರಿಗೆ,

ನೀವು ಕಳುಹಿಸಿದ ‘ಅಶ್ವನರ್ತನ: ಅಡ್ಡನಡೆಯನ್ನು ಕಲಿಯುವುದು, ಕಲಿಸುವುದು’ ಎಂಬ ಲೇಖನ ಈಗಿನ ರೂಪದಲ್ಲಿ ಪ್ರಕಟಣೆಗೆ ಒಗ್ಗುವುದಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಲಗತ್ತಿಸಿ ಹಿಂದಿರುಗಿಸಲು ಮನಸ್ಸೂ ಒಪ್ಪಲಿಲ್ಲ. ಸವಾರನ ಸೂಚನೆಗೆ ತಕ್ಕಂತೆ ಕುದುರೆ ನಿಗದಿತ ನಡೆಗಳನ್ನು ಮಾಡಿತೋರಿಸುವ ಡ್ರೆಸಾಜ್ ಸ್ಪರ್ಧೆಯ ಕುರಿತು ಕನ್ನಡದಲ್ಲಿ ಬರುವ ಬರಹ ಸಾಮಾನ್ಯವಾಗಿ ಪದಕದ ಸುದ್ದಿಯೊಂದಿಗೆ ಮುಗಿದುಹೋಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ ಮತ್ತು ಅನುಷ್ ಅಗರ್‌ವಾಲಾ ಅವರ ತಂಡ ಚಿನ್ನ ಗೆದ್ದಾಗಲೂ ಸವಾರರ ಊರು, ಖರ್ಚು, ತ್ಯಾಗಗಳ ವಿಚಾರ ನಮ್ಮ ಮೇಜಿಗೆ ಬಂತೇ ಹೊರತು, ಸವಾರಿಯ ಅಂಕಣದೊಳಗೆ ಕುದುರೆ ಮಾಡಿದ್ದೇನು ಎಂಬ ವಿವರ ಬರಲಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಮಕ್ಕಳಿಗೆ ಸವಾರಿ ಕಲಿಸುವ ನೀವು ಆ ಕೊರತೆ ತುಂಬಲು ಹೊರಟಿದ್ದೀರಿ. ನನ್ನ ಸಿಟ್ಟಿಗೂ ಅದೇ ಕಾರಣ: ದಿನವೂ ಕುದುರೆಯ ಪಕ್ಕದಲ್ಲಿ ನಿಲ್ಲುವವರು, ಅದನ್ನು ದೂರದ ಗ್ಯಾಲರಿಯಿಂದ ನೋಡಿದವರ ಹಾಗೆ ಬರೆದಿದ್ದೀರಿ.

ಮೆಚ್ಚಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. 20 ಮೀಟರ್ ಅಗಲ, 60 ಮೀಟರ್ ಉದ್ದದ ಅಂಕಣವನ್ನೂ ಅದರ ಅಂಚಿನ ಅಕ್ಷರಗಳನ್ನೂ ಪರಿಚಯಿಸಿದ ಭಾಗ ಅಚ್ಚುಕಟ್ಟಾಗಿದೆ. ನ್ಯೂಕ್ಯಾಸಲ್‌ನ ಡ್ಯೂಕ್ 17ನೇ ಶತಮಾನದಲ್ಲಿ ವೃತ್ತದ ಮೇಲೆ ಮಾಡಿಸುತ್ತಿದ್ದ ಅಭ್ಯಾಸವನ್ನು ಫ್ರಾನ್ಸಿನ ಗೆರಿನಿಯೇರ್ ಗೋಡೆಯುದ್ದದ ನೇರ ಹಾದಿಗೆ ತಂದು, 1733ರ ತನ್ನ ಗ್ರಂಥದಲ್ಲಿ ಶೋಲ್ಡರ್-ಇನ್ (ಭುಜಗಳನ್ನು ಗೋಡೆಯ ಹಾದಿಯಿಂದ ಒಳಕ್ಕೆ ತಂದು ಕುದುರೆ ಓರೆಯಾಗಿ ಸಾಗುವ ಅಡ್ಡನಡೆ) ಎಂದು ವಿವರಿಸಿದ ಸಂಗತಿಯನ್ನು ಸರಿಯಾಗಿಯೇ ಕೊಟ್ಟಿದ್ದೀರಿ. ಭಾಷೆಯಲ್ಲಿ ತಪ್ಪುಗಳಿಲ್ಲ.

ಈಗ ನಿಮ್ಮ ಮೂರನೆಯ ಪುಟಕ್ಕೆ ಬರೋಣ. ಅಲ್ಲಿಂದ ಮುಂದಕ್ಕೆ ನನ್ನ ಕೆಂಪು ಶಾಯಿ ದಾಟಲೇ ಇಲ್ಲ. ನೀವು ಬರೆದದ್ದು ಹೀಗಿದೆ: “ಶೋಲ್ಡರ್-ಇನ್‌ನಲ್ಲಿ ಒಳಗಿನ ಲಗಾಮಿನಿಂದ ಕುದುರೆಯ ತಲೆಯನ್ನು ಒಳಕ್ಕೆ ತರಲಾಗುತ್ತದೆ. ಕಾಲಿನಿಂದ ಒತ್ತಡ ನೀಡಿದಾಗ ಕುದುರೆಯ ಬೆನ್ನು ಬಿಲ್ಲಿನಂತೆ ಬಾಗಿ, ಅದು ಹಂಸದಂತೆ ಅಡ್ಡಕ್ಕೆ ತೇಲುತ್ತದೆ.”

ತರಲಾಗುತ್ತದೆ, ಸರಿ, ತರುವವರು ಯಾರು? ‘ಕಾಲಿನಿಂದ’ ಎಂದಿದ್ದೀರಿ. ಸವಾರನಿಗೆ ಎರಡು ಕಾಲುಗಳಿವೆ, ಕುದುರೆಗೆ ನಾಲ್ಕಿವೆ. ಈ ಆರರಲ್ಲಿ ಯಾವುದರ ಮಾತು ನಡೆಯುತ್ತಿದೆ ಎಂಬುದು ವಾಕ್ಯದ ಕೊನೆ ಮುಟ್ಟಿದರೂ ಗೊತ್ತಾಗುವುದಿಲ್ಲ. ಹಂಸ ಬಂದ ಮೇಲಂತೂ ಕುದುರೆಯ ಕಾಲುಗಳೇ ಕಾಣದಾದವು. ಅಡ್ಡನಡೆ ಎಂದರೆ ಕಾಲುಗಳ ವಿಷಯ, ಅದನ್ನು ವಿವರಿಸುವ ಲೇಖನದಲ್ಲಿ ಕಾಣದಿರಬಾರದ್ದು ಅವೇ.

ತಲೆಯನ್ನು ಒಳಕ್ಕೆ ತಂದರೆ ಶೋಲ್ಡರ್-ಇನ್ ಆಗುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ನಿಮ್ಮ ವಾಕ್ಯಕ್ಕೆ ಗೊತ್ತಿಲ್ಲ. ಒಳಗಿನ, ಎಂದರೆ ಗೋಡೆಗೆ ದೂರದ ಬದಿಯ, ಲಗಾಮನ್ನು ಎಳೆದರೆ ಬಾಗುವುದು ಕತ್ತು. ಕತ್ತು ಒಳಕ್ಕೆ ಮಡಿಚಿಕೊಂಡಷ್ಟೂ ಹೊರಗಿನ ಭುಜ ಗೋಡೆಯ ಕಡೆಗೆ ಉಬ್ಬಿ ತಪ್ಪಿಸಿಕೊಳ್ಳುತ್ತದೆ, ಮತ್ತು ಬಿಗಿಯಾದ ಒಳಲಗಾಮು ಅದೇ ಬದಿಯ ಹಿಂಗಾಲಿನ ಹೆಜ್ಜೆಯನ್ನು ಮೊಟಕುಗೊಳಿಸುತ್ತದೆ, ಅಂದರೆ ಯಾವ ಕಾಲು ಮುಂದೆ ಬಂದು ಒಡಲಿನ ಕೆಳಗೆ ಇಳಿಯಬೇಕೋ ಅದನ್ನೇ ತಡೆಯುತ್ತದೆ. ನೀವು ಬರೆಯಬೇಕಿದ್ದದ್ದು ಇಷ್ಟು: ಸವಾರನ ಒಳಗಾಲು ಜೀನಿನ ಹೊಟ್ಟೆಪಟ್ಟಿಯ ಬಳಿ ಇರುತ್ತದೆ, ಕುದುರೆ ಅದರ ಸುತ್ತ ಬಾಗುತ್ತದೆ; ಹೊರಗಾಲು ತುಸು ಹಿಂದಿದ್ದು ಪೃಷ್ಠ ಹೊರಕ್ಕೆ ಜಾರದಂತೆ ಕಾಯುತ್ತದೆ; ಒಳಗಿನ ಲಗಾಮು ತಲೆ ತುಸು ಒಳಕ್ಕೆ ನೋಡುವಂತೆ ಕೇಳಿ ಸಡಿಲಗೊಳ್ಳುತ್ತದೆ; ಭುಜಗಳನ್ನು ಗೋಡೆಯ ಹಾದಿಯಿಂದ ಒಳಗೆ ತಂದು ಅಲ್ಲೇ ನಿಲ್ಲಿಸಿಕೊಳ್ಳುವ ಕೆಲಸವನ್ನು, ಮೊದಲ ನೋಟಕ್ಕೆ ವಿಚಿತ್ರವೆನಿಸಿದರೂ, ಹೆಚ್ಚಾಗಿ ಹೊರಗಿನ ಲಗಾಮೇ ಮಾಡುತ್ತದೆ. ಹೊಸ ಸವಾರ ನಂಬಲು ಒಪ್ಪದ ಮಾತು ಈ ಕೊನೆಯದು. ನಿಮ್ಮ ಲೇಖನದಲ್ಲಿ ಹೊರಲಗಾಮಿನ ಹೆಸರೇ ಇಲ್ಲ.

ಬಿಲ್ಲಿನ ಹೋಲಿಕೆಯನ್ನೂ ಹೊಡೆದುಹಾಕಿದ್ದೇನೆ. ಪಕ್ಕೆಲುಬುಗಳಿರುವ ಭಾಗದಲ್ಲಿ ಕುದುರೆಯ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು ಬಹಳ ಕಡಿಮೆ. ಕುದುರೆಗೆ ಕೊರಳೆಲುಬಿಲ್ಲ, ಮುಂಗಾಲುಗಳೆರಡೂ ಸ್ನಾಯುಗಳಿಂದಷ್ಟೇ ಎದೆಗೂಡಿಗೆ ತೂಗಿಕೊಂಡಿವೆ. ಅವು ಒಂದರ ಮುಂದೊಂದು ಹಾದುಹೋಗಲು ಆ ರಚನೆ ಅನುಕೂಲ ಮಾಡಿಕೊಡುತ್ತದೆ. ಬಿಲ್ಲಿನ ಜಾಗದಲ್ಲಿ ಈ ಸಂಗತಿಯನ್ನು ಇಟ್ಟಿದ್ದರೆ ಓದುಗ ಮರುದಿನ ಕುದುರೆಯ ಎದೆಯನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದ.

ಮಾತು ಇಲ್ಲಿಗೆ ಬಂದಾಗ ನನ್ನ ಕಲಿಕೆಯ ದಿನಗಳನ್ನು ನೆನೆಯದಿರಲು ಆಗುತ್ತಿಲ್ಲ. ಪತ್ರಿಕೆಯ ಕ್ರೀಡಾಪುಟಕ್ಕೆ ನಾನು ಹೊಸದಾಗಿ ಸೇರಿದಾಗ, ಕುದುರೆಯ ಬಗ್ಗೆ ಬರೆಯುವವನು ಕುದುರೆ ಹತ್ತಿರಬೇಕು ಎಂಬ ಹಟ ನಮ್ಮ ಹಿರಿಯ ಸಂಪಾದಕರದು. ನನ್ನನ್ನು ಒಪ್ಪಿಸಿದ್ದು ಸೈನ್ಯದ ಅಶ್ವದಳದಿಂದ ನಿವೃತ್ತರಾದ ಒಬ್ಬ ರಿಸಾಲ್ದಾರರಿಗೆ. ಅವರು ಮೊದಲು ಜೀನಿನ ಮೇಲೆ ಕೂರಿಸಲಿಲ್ಲ. ಬೆಳಿಗ್ಗೆ ಅಂಕಣದ ಮರಳಿಗೆ ನೀರು ಚಿಮುಕಿಸಿ, ಗೋರುಹಲಗೆ ಎಳೆಸಿ, ಗೋಡೆಯ ಪಕ್ಕ ಒಂದೇ ಒಂದು ಹೆಜ್ಜೆಗುರುತೂ ಇರದಂತೆ ಸಮ ಮಾಡಿಸುತ್ತಿದ್ದರು. ಆಮೇಲೆ ಹಳೆಯ ಬೂದುಬಣ್ಣದ ಕುದುರೆಯನ್ನೇರಿ ಶೋಲ್ಡರ್-ಇನ್‌ನಲ್ಲಿ ಆ ಉದ್ದಕ್ಕೂ ನಡೆಸಿ, ನನ್ನನ್ನು ಕರೆದು ಮರಳು ತೋರಿಸಿ “ಓದು” ಎನ್ನುತ್ತಿದ್ದರು.

ಗೊರಸುಗಳು ಮೂರು ಸಾಲು ಬಿಡಿಸಿರುತ್ತಿದ್ದವು. ಗೋಡೆಗೆ ಹತ್ತಿರದ ಸಾಲು ಹೊರಗಿನ ಹಿಂಗಾಲಿನದು. ಅತ್ಯಂತ ಒಳಗಿನದು ಒಳಗಿನ ಮುಂಗಾಲಿನದು. ನಡುವಿನ ಸಾಲಿನಲ್ಲಿ ಹೊರಗಿನ ಮುಂಗಾಲೂ ಒಳಗಿನ ಹಿಂಗಾಲೂ ಒಂದೇ ಗೆರೆಯಲ್ಲಿ ಬಿದ್ದಿರುತ್ತಿದ್ದವು. ಗೋಡೆಗೆ ಸುಮಾರು 30 ಡಿಗ್ರಿ ಕೋನದಲ್ಲಿ ಕುದುರೆ ಸಾಗಿದರೆ ಹೀಗಾಗುತ್ತದೆ. ಅದೇ ಹಾದಿಯಲ್ಲಿ ಇನ್ನೊಬ್ಬ ಹುಡುಗ, ಲಗಾಮನ್ನು ಎಳೆದು ಕತ್ತನ್ನು ಚೆನ್ನಾಗಿ ಡೊಂಕಿಸಿಕೊಂಡು, ತಾನೂ ಮಾಡಿದೆನೆಂಬ ಖುಷಿಯಲ್ಲಿ ಹೋಗಿ ಬಂದರೆ, ಮರಳಿನಲ್ಲಿ ಎರಡೇ ಸಾಲು. ಮೇಲೆ ಕತ್ತು ಎಷ್ಟೇ ಬಾಗಿರಲಿ, ಕೆಳಗೆ ಕುದುರೆ ನೆಟ್ಟಗೆ ನಡೆದಿರುತ್ತಿತ್ತು. ರಿಸಾಲ್ದಾರರು ಏನೂ ಹೇಳದೆ ಗೋರುಹಲಗೆಯನ್ನು ಆ ಹುಡುಗನ ಕೈಗೇ ಕೊಡುತ್ತಿದ್ದರು.

ಸವಾರಿಗೆ ಹತ್ತಿಸಿದ ಮೇಲೂ ಕೆಲಸ ಕಾಲುಗಳದೇ. ಕುದುರೆಯನ್ನು ಉದ್ದನೆಯ ಹಗ್ಗದಲ್ಲಿ ತಮ್ಮ ಸುತ್ತ ನಡೆಸುತ್ತಾ, ನನ್ನ ದೃಷ್ಟಿ ಮುಂದಿರಬೇಕು, ಒಳಗಿನ ಹಿಂಗಾಲು ನೆಲ ಬಿಡುವ ಗಳಿಗೆಯಲ್ಲಿ “ಈಗ” ಎನ್ನಬೇಕು ಎಂದು ಕಟ್ಟಪ್ಪಣೆ ಮಾಡಿದ್ದರು. ಬಗ್ಗಿ ನೋಡುವಂತಿಲ್ಲ. ಆ ಕಾಲು ಮುಂದಕ್ಕೆ ಬರುವಾಗ ಕುದುರೆಯ ಹೊಟ್ಟೆ ಅದಕ್ಕೆ ಜಾಗ ಬಿಟ್ಟು ಹೊರಬದಿಗೆ ತೂಗುತ್ತದೆ, ಸವಾರನ ಒಳಬದಿಯ ಸೊಂಟ ಒಂದಿಷ್ಟು ಕೆಳಗಿಳಿಯುತ್ತದೆ. ತಡೆಯದಿದ್ದರೆ ಮೀನಖಂಡ ತಾನಾಗಿಯೇ ಪಕ್ಕೆಗೆ ತಾಗುತ್ತದೆ. ಒತ್ತಬೇಕಾದ ಗಳಿಗೆ ಅದು. ಗೊರಸು ಊರಿ ಭಾರ ಬಿದ್ದ ಮೇಲೆ ಎಷ್ಟು ಒತ್ತಿದರೂ ಅದು ಇಳಿದ ಜಾಗ ಬದಲಾಗದು. ಟ್ರಾಟ್ ಎಂಬ ಮಧ್ಯಮ ಓಟದಲ್ಲಿ ಒಳಗಿನ ಹಿಂಗಾಲು ಹೊರಗಿನ ಮುಂಗಾಲಿನ ಜೊತೆಯಲ್ಲೇ ಏಳುವುದರಿಂದ, ಹೊರಭುಜ ಮುಂದಕ್ಕೆ ಹೋಗುವುದನ್ನು ಓರೆಗಣ್ಣಿನಲ್ಲಿ ಕಂಡರೂ ಅಂದಾಜು ಸಿಗುತ್ತದೆ. ನಿಮ್ಮ ಲೇಖನದಲ್ಲಿ ‘ಒತ್ತಡ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅದರ ಪಕ್ಕದಲ್ಲಿ ಒಮ್ಮೆಯಾದರೂ ‘ಯಾವಾಗ’ ಬಂದಿಲ್ಲ.

ಅಂಕಣದಿಂದ ಕಚೇರಿಗೆ ಹೋದರೆ ಹಿರಿಯ ಸಂಪಾದಕರದೂ ಇದೇ ವರಸೆ. ಆಟವೊಂದನ್ನು ವಿವರಿಸುವ ವಾಕ್ಯ ಬರೆದರೆ, ಕುರ್ಚಿಯಿಂದ ಎದ್ದು ನಿಂತು, ವಾಕ್ಯ ಹೇಳಿದಂತೆ ಮಾಡಲು ನೋಡುವರು. ಆಗದಿದ್ದರೆ ಪ್ರತಿ ಹಿಂದಿರುಗಿತು. ವಯಸ್ಸಾದವರು, ಧೋತರ ಉಟ್ಟವರು, ಕ್ರಿಕೆಟ್ಟಿನ ಕವರ್ ಡ್ರೈವ್ ಆಗಲಿ ಕಬಡ್ಡಿಯ ಕಾಲ್ತೊಡರಾಗಲಿ ಮೇಜುಗಳ ನಡುವೆ ನಟಿಸುವುದನ್ನು ಕಂಡು ನಗುತ್ತಿದ್ದವರು ಕ್ರಮೇಣ ಎಚ್ಚರದಿಂದ ಬರೆಯತೊಡಗಿದರು. ನಿಮ್ಮ ಮೂರನೆಯ ಪುಟವನ್ನು ಅವರಿಗೆ ಕೊಟ್ಟಿದ್ದರೆ ಅವರು ತೇಲಲು ಪ್ರಯತ್ನಿಸುತ್ತಿದ್ದರೇನೋ.

ಎರಡನೆಯ ದೋಷ ಐದನೆಯ ಪುಟದಲ್ಲಿದೆ, ಅದು ನನ್ನನ್ನು ಇದಕ್ಕಿಂತ ಹೆಚ್ಚು ಕೆಣಕಿತು. “ಈ ಹಂತದಲ್ಲಿ ಕೆಲವು ಕುದುರೆಗಳು ಹಟ ಹಿಡಿಯುತ್ತವೆ. ಆಗ ಸವಾರ ದೃಢವಾಗಿರಬೇಕು.”

ಹಟ ಎಂದರೆ ಕುದುರೆ ಏನು ಮಾಡಿತು? ವೇಗ ಹೆಚ್ಚಿಸಿ ಓಡತೊಡಗಿತೋ, ಲಯ ಕಳೆದುಕೊಂಡು ಕುಂಟುತ್ತಾ ನಿಧಾನವಾಯಿತೋ, ಬಾಲ ಬೀಸಿತೋ, ಒಂದು ಕಿವಿ ಮೇಲೆ ಇನ್ನೊಂದು ಕೆಳಗೆ ಬರುವಂತೆ ತಲೆ ಓರೆ ಮಾಡಿತೋ, ಪೃಷ್ಠವನ್ನು ಗೋಡೆಯ ಕಡೆಗೆ ಬಿಸಾಡಿತೋ? ಪ್ರತಿಯೊಂದಕ್ಕೂ ಬೇರೆ ಕಾರಣ, ಬೇರೆ ಪರಿಹಾರ. ಓಡಿದರೆ ಸವಾರನ ಒಳಗಾಲು ಒತ್ತಿದ್ದನ್ನು ಬಿಡದೆ ಹಿಡಿದೇ ಇಟ್ಟುಕೊಂಡಿರಬಹುದು. ನಿಧಾನವಾದರೆ ಕೋನ ಅದರ ಶಕ್ತಿಗೆ ಮೀರಿರಬಹುದು, ಇಲ್ಲವೇ ಲಗಾಮು ಹಿಂಗಾಲನ್ನು ಕಟ್ಟಿಹಾಕಿರಬಹುದು. ತಲೆ ಓರೆಯಾದರೆ ಕೈಗಳನ್ನು ನೋಡಬೇಕು, ಆಮೇಲೆ ಹಲ್ಲುಗಳನ್ನೂ. ಪೃಷ್ಠ ಹೊರಕ್ಕೆ ಹೋದರೆ ಸವಾರನ ಹೊರಗಾಲು ಮಲಗಿದೆ. ಕುದುರೆಯ ಒಳಗಿನ ಹಿಂಗಾಲು ಒಡಲಿನ ಕೆಳಗೆ ಬರುವುದನ್ನು ಬಿಟ್ಟು ಬರೀ ಅಡ್ಡಕ್ಕೆ ದಾಟುತ್ತಿದೆ. ಶೋಲ್ಡರ್-ಇನ್ ಒಳಗಿನ ಹಿಂಗಾಲಿನ ಕೀಲುಗಳ ಮೇಲೆ ಭಾರ ಹಾಕುವ ವ್ಯಾಯಾಮವಾದ್ದರಿಂದ, ಆ ಕೀಲಿನಲ್ಲಿ ನೋವಿರುವ ಕುದುರೆ ಒಂದು ದಿಕ್ಕಿನ ಸುತ್ತಿನಲ್ಲಿ ಒಪ್ಪಿ ಇನ್ನೊಂದು ದಿಕ್ಕಿನ ಸುತ್ತಿನಲ್ಲಿ ನಿರಾಕರಿಸುವುದುಂಟು. ಇವೆಲ್ಲವನ್ನೂ ಹಟ ಎಂಬ ಒಂದು ಚೀಲಕ್ಕೆ ತುಂಬಿ, ‘ದೃಢವಾಗಿರು’ ಎಂದು ಹನ್ನೆರಡು ವರ್ಷದ ಹುಡುಗಿಗೆ ಹೇಳಿದರೆ, ಅವಳಿಗೆ ಅರ್ಥವಾಗುವುದು ಹಿಮ್ಮಡಿಯಿಂದ ಗುದ್ದು, ಇಲ್ಲವೇ ಚಾಟಿ ಎತ್ತು ಎಂದೇ. ನೀವು ಹಾಗೆ ಕಲಿಸುವವರಲ್ಲ ಎಂದು ನಿಮ್ಮ ಲೇಖನದ ಇತರ ಭಾಗಗಳಿಂದ ಊಹಿಸಬಲ್ಲೆ. ಆದರೆ ಓದುವವಳ ಪಕ್ಕದಲ್ಲಿ ನೀವು ನಿಂತಿರುವುದಿಲ್ಲ.

ಇದರ ಬೆನ್ನಿಗೇ “ಹೀಗೆ ಕುದುರೆಯೂ ಸವಾರನೂ ಒಟ್ಟಿಗೆ ಕಲಿಯುತ್ತಾ ಸಾಗುತ್ತಾರೆ” ಎಂಬ ಸಾಲು ಬರುತ್ತದೆ. ಓದಲು ಹಿತವಾಗಿದೆ, ಪಾಠವಾಗಿ ಅಪಾಯಕಾರಿ. ಅಡ್ಡನಡೆ ಗೊತ್ತಿಲ್ಲದ ಸವಾರನಿಗೆ ಗೊತ್ತಿರುವ ಕುದುರೆ ಬೇಕು. ಗೊತ್ತಿಲ್ಲದ ಕುದುರೆಗೆ ಗೊತ್ತಿರುವ ಸವಾರ ಬೇಕು. ಇಬ್ಬರೂ ಹೊಸಬರಾದರೆ ತಪ್ಪು ಯಾರದೆಂದು ಇಬ್ಬರಿಗೂ ತಿಳಿಯುವುದಿಲ್ಲ, ಕೊನೆಗೆ ದೂರು ಕುದುರೆಯ ತಲೆಗೆ ಬೀಳುತ್ತದೆ. ‘ಹಟ’ದ ವಾಕ್ಯ ಹುಟ್ಟಿದ್ದೂ ಇಲ್ಲಿಂದಲೇ ಎಂದು ನನಗೆ ಅನುಮಾನ.

ಆದ್ದರಿಂದ ತಿದ್ದುವಾಗ ನೀವು ಯಾರಿಗೆ ಕಲಿಸುತ್ತಿದ್ದೀರಿ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಸವಾರನಿಗಾದರೆ ಲೆಗ್ ಯೀಲ್ಡ್ ಎಂಬ ಸರಳ ಅಡ್ಡನಡೆಯಿಂದ ಆರಂಭಿಸಿ. ಅಲ್ಲಿ ಕುದುರೆಯ ಮೈ ಬಹುತೇಕ ನೆಟ್ಟಗಿರುತ್ತದೆ, ಸಾಗುವ ದಿಕ್ಕಿನಿಂದ ತಲೆ ಸ್ವಲ್ಪವೇ ಆಚೆ ತಿರುಗಿರುತ್ತದೆ. ತನ್ನ ಒಂದು ಕಾಲಿಗೆ ಕುದುರೆ ಪಕ್ಕಕ್ಕೆ ಸರಿಯುತ್ತದೆ ಎಂಬ ಅನುಭವ ಸವಾರನಿಗೆ ಸಿಗಲು ಅಷ್ಟು ಸಾಕು. ಕುದುರೆಗಾದರೆ ಅಂಕಣದ ಮೂಲೆಯಲ್ಲಿ 10 ಮೀಟರಿನ ಸುತ್ತು ಹಾಕಿಸುವುದರಿಂದ ಆರಂಭಿಸಿ. ಸುತ್ತು ಮುಗಿದು ಎರಡನೆಯದಕ್ಕೆ ಹೊರಟಂತೆ ಮುಂಗಾಲುಗಳು ಗೋಡೆಯ ಹಾದಿಯನ್ನು ಬಿಟ್ಟಾಗ, ಸುತ್ತಿನ ಬಾಗನ್ನು ಉಳಿಸಿಕೊಂಡೇ ಗೋಡೆಯುದ್ದಕ್ಕೆ ನಾಲ್ಕಾರು ಹೆಜ್ಜೆ ಕೇಳಿ, ಕೆಡುವ ಮೊದಲೇ ಮತ್ತೆ ಸುತ್ತಿಗೆ ಬಿಡುವ ಕ್ರಮವನ್ನು ವಿವರಿಸಿ. “ಕಾಲಕ್ರಮೇಣ ಕುದುರೆ ರೂಢಿಸಿಕೊಳ್ಳುತ್ತದೆ” ಎಂದು ನೀವು ಹಾರಿಸಿಬಿಟ್ಟ ಜಾಗದಲ್ಲಿ ಇರಬೇಕಾದದ್ದು ಈ ನಾಲ್ಕಾರು ಹೆಜ್ಜೆಗಳ ಕಥೆ. ಕುದುರೆ ಯಾವ ಹೆಜ್ಜೆಯಲ್ಲಿ ಕೆಡುತ್ತದೆ, ಕೆಡುವ ಮುನ್ನ ಜೀನಿನ ಮೇಲೆ ಏನು ಗೊತ್ತಾಗುತ್ತದೆ ಎಂಬುದು ನಿಮ್ಮಂಥವರಿಗಲ್ಲದೆ ನನ್ನಂಥವರಿಗೆ ತಿಳಿಯುವುದಿಲ್ಲ.

ಟ್ರಾವರ್ಸ್ ಮತ್ತು ಹಾಫ್ ಪಾಸ್ ಎಂಬ ಅಡ್ಡನಡೆಗಳ ಭಾಗಗಳನ್ನು ಸದ್ಯಕ್ಕೆ ತೆಗೆದಿಡಿ. ಅವುಗಳಲ್ಲಿ ಕುದುರೆ ಸಾಗುವ ಕಡೆಗೇ ನೋಡುತ್ತದೆ, ಹೊರಗಾಲುಗಳು ಒಳಗಾಲುಗಳ ಮುಂದೆ ಹಾದುಹೋಗುತ್ತವೆ. ಶೋಲ್ಡರ್-ಇನ್ ಇನ್ನೂ ಅರ್ಥವಾಗದ ಓದುಗನ ಮುಂದೆ ಎಲ್ಲವನ್ನೂ ತಿರುವುಮುರುವು ಮಾಡಿ ಇಟ್ಟರೆ ಅವನು ಪುಟ ಮಗುಚುತ್ತಾನೆ. ಆ ಎರಡಕ್ಕೂ ಮುಂದೆ ಬೇರೆ ಲೇಖನವೇ ಬೇಕಾಗುತ್ತದೆ.

ಇನ್ನು ಚಿತ್ರ. ನೀವು ಕಳುಹಿಸಿದ್ದನ್ನು ಪಕ್ಕದಿಂದ ತೆಗೆದಿದ್ದಾರೆ. ಸವಾರಳ ಉಡುಪು ಚೆನ್ನಾಗಿ ಕಾಣುತ್ತದೆ, ಅಡ್ಡನಡೆ ಕಾಣುವುದಿಲ್ಲ. ಛಾಯಾಗ್ರಾಹಕರನ್ನು ಅಂಕಣದ ಉದ್ದಬದಿಯ ತುದಿಯಲ್ಲಿ, ಗೋಡೆಯ ಹಾದಿಯ ಮೇಲೆಯೇ ನಿಲ್ಲಿಸಿ, ಕುದುರೆ ಅವರ ಕಡೆಗೆ ಬರಲಿ. ಕೋನ ಸರಿಯಿದ್ದರೆ ಎದುರಿನಿಂದ ಮೂರು ಕಾಲುಗಳು ಕಾಣಬೇಕು, ನಾಲ್ಕನೆಯದಾದ ಒಳಗಿನ ಹಿಂಗಾಲು ಹೊರಗಿನ ಮುಂಗಾಲಿನ ಹಿಂದೆ ಮರೆಯಾಗಿರಬೇಕು. ಅಂಥ ಚಿತ್ರ ಸಿಕ್ಕರೆ ತಿದ್ದಿದ ಲೇಖನದೊಂದಿಗೆ ಕಳುಹಿಸಿ, ಕುದುರೆ ಎಡಸುತ್ತಿನಲ್ಲಿದೆಯೋ ಬಲಸುತ್ತಿನಲ್ಲಿದೆಯೋ ಎಂಬುದನ್ನು ಅಡಿಬರಹದಲ್ಲಿ ತಪ್ಪದೆ ನಮೂದಿಸಿ.

ಇತಿ,
ಸಂಪಾದಕ