ಪ್ರತಿ: ಸೋಲ್‌ನಲ್ಲಿ ಬಾರ್ಬೆಕ್ಯೂ, ಆದರೆ ದನದ ಮಾಂಸ ಬೇಡ

ಆಫೀಸ್ ಕೆಲಸಕ್ಕೆ ದಕ್ಷಿಣ ಕೊರಿಯಾದ ಸೋಲ್‌ಗೆ ಹೋಗ್ತಿದ್ದೀನಿ, ದನದ ಮಾಂಸ ತಿನ್ನಲ್ಲ, ಅಲ್ಲಿನ ಬಾರ್ಬೆಕ್ಯೂ ಹೋಟೆಲಿಗೆ ಒಬ್ಬನೇ ಹೋಗಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ, ಆದರೆ ಜೊತೆಗೊಬ್ಬರನ್ನು ಕರ್ಕೊಂಡು ಹೋಗಿ. ಬಹಳ ಕಡೆ ಕನಿಷ್ಠ 2 ಜನರ ಪಾಲು ಆರ್ಡರ್ ಮಾಡಲೇಬೇಕು.

ಹಂದಿ ತಿಂತೀರಾದರೆ ಚಿಂತೆಯೇ ಇಲ್ಲ. 'ಸಮ್‌ಗ್ಯೊಪ್‌ಸಾಲ್' ಅನ್ನಿ: ಹಂದಿಯ ಹೊಟ್ಟೆ ಭಾಗದ್ದು, ಕೊಬ್ಬು-ಮಾಂಸ ಪದರಪದರ. ಉಪ್ಪು ಬಿಟ್ಟರೆ ಮಸಾಲೆಯೇ ಇರಲ್ಲ; ಪಂದಿ ಕರಿ ತಿಂದು ಬೆಳೆದ ನನಗೆ ಮೊದಲು ಸಪ್ಪೆ ಅನ್ನಿಸಿತ್ತು. ಆಮೇಲೆ ಪಕ್ಕದ ಮೇಜಿನ ಅಜ್ಜಿ ತೋರಿಸಿಕೊಟ್ಟರು. ಅಂಗೈಯಲ್ಲಿ ಲೆಟ್ಯೂಸ್ ಎಲೆ, ಅದರ ಮೇಲೆ ಕತ್ತರಿಯಲ್ಲಿ ಕತ್ತರಿಸಿದ ಬಿಸಿ ತುಂಡು, ಸುಟ್ಟ ಬೆಳ್ಳುಳ್ಳಿ, ಚೂರು 'ಸಮ್‌ಜಾಂಗ್' ಚಟ್ನಿ. ಬೀಡಾದ ಹಾಗೆ ಮಡಚಿ ಒಂದೇ ಸಲಕ್ಕೆ ಬಾಯಿಗೆ! ಕಚ್ಚಿ ಕಚ್ಚಿ ತಿಂದರೆ ಅಂಗಿ ಹಾಳು.

'ಕಾಲ್ಬಿ' ಅಂದರೆ ಪಕ್ಕೆಲುಬು, ಯಾವುದರದ್ದು ಅಂತ ಕೇಳಿಯೇ ಹೇಳಿ. 'ಸೊ' ಅಂದರೆ ದನ, 'ತ್ವೇಜಿ' ಅಂದರೆ ಹಂದಿ. ನಾನು ಎಡವಿದ್ದು ಕೊನೆಯಲ್ಲಿ ತಿನ್ನುವ ತಣ್ಣನೆಯ ನೂಡಲ್ಸ್‌ನಲ್ಲಿ. 'ನೆಂಗ್‌ಮ್ಯೊನ್' ಸಾರು ಹೆಚ್ಚಾಗಿ ದನದ್ದೇ. ಅದರ ಬದಲು ಅನ್ನ ತಗೊಳ್ಳಿ. ಹಂದಿಯೂ ಬೇಡವಾದರೆ ಕೋಳಿಯ 'ತಕ್‌ಕಾಲ್ಬಿ' ಸಿಗುವ ಹೋಟೆಲ್ ಹುಡುಕಿ, ನಮ್ಮ ನಾಲಿಗೆಗೆ ಹಿಡಿಸುವಷ್ಟು ಖಾರ ಇರುತ್ತೆ.

ಕಿಮ್ಚಿ, ಮೊಳಕೆಕಾಳಿನಂಥ ನಂಚಿಕೆಗಳಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ಖಾಲಿಯಾದರೆ ಮತ್ತೆ ಕೇಳಬಹುದು. ಟಿಪ್ಸ್ ಕೊಡೋ ಪದ್ಧತಿ ಇಲ್ಲ. ಚಮಚ, ತಿನ್ನುವ ಕಡ್ಡಿ (ಚಾಪ್‌ಸ್ಟಿಕ್) ಕಾಣದಿದ್ದರೆ ಮೇಜಿನ ಪಕ್ಕದ ಡ್ರಾಯರ್ ಎಳೆದು ನೋಡಿ.