ಆನ್ ಕ್ಲಿಫರ್ಡ್ 38 ವರ್ಷ ಕಾದ ಆಸ್ತಿ

17ನೇ ಶತಮಾನದ ಇಂಗ್ಲೆಂಡಿನ ದೊಡ್ಡ ಮನೆತನಗಳಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಹಕ್ಕೇ ಇರಲಿಲ್ಲವೇ, ಹಾಗೆ ಹೋರಾಡಿ ಗೆದ್ದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದೀರಿ. ಉತ್ತರ ಇಂಗ್ಲೆಂಡಿನ ಕ್ಲಿಫರ್ಡ್ ಮನೆತನದ ಕಥೆ ಹೇಳುತ್ತೇನೆ. ಅಲ್ಲಿ ಹಕ್ಕು ಪತ್ರದಲ್ಲಿತ್ತು, ಕೈಗೆ ಮಾತ್ರ ಬರಲಿಲ್ಲ.

ಕಂಬರ್‌ಲ್ಯಾಂಡಿನ ಮೂರನೇ ಅರ್ಲ್ ಜಾರ್ಜ್ ಕ್ಲಿಫರ್ಡ್ ಸ್ಪೇನಿನ ಹಡಗುಗಳನ್ನು ದೋಚುತ್ತ ಸಮುದ್ರ ಸುತ್ತಿದವನು. ಬಂದದ್ದಕ್ಕಿಂತ ಖರ್ಚು ಮಾಡಿದ್ದೇ ಹೆಚ್ಚು, ಮೈತುಂಬ ಸಾಲ. ಭಾರತದ ಓದುಗರಿಗೆ ಇವನ ಪರಿಚಯ ಇರಬೇಕು: 1600ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಸಿಕ್ಕ ಸನ್ನದಿನಲ್ಲಿ ಮೊದಲ ಹೆಸರು ಇವನದೇ. ಕಂಪನಿಯ ಮೊದಲ ಯಾನದ ಮುಖ್ಯ ಹಡಗು ‘ರೆಡ್ ಡ್ರ್ಯಾಗನ್’ ಕೂಡ ಮೊದಲು ಇವನದಾಗಿತ್ತು.

ಇಬ್ಬರು ಗಂಡುಮಕ್ಕಳು ಚಿಕ್ಕಂದಿನಲ್ಲೇ ತೀರಿಕೊಂಡರು. ಉಳಿದವಳು 1590ರಲ್ಲಿ ಸ್ಕಿಪ್ಟನ್ ಕೋಟೆಯಲ್ಲಿ ಹುಟ್ಟಿದ ಆನ್. 1605ರಲ್ಲಿ ಜಾರ್ಜ್ ಸಾಯುವಾಗ ಬರೆಸಿದ ಉಯಿಲಿನಲ್ಲಿ ಕೋಟೆ, ಜಮೀನು ಎಲ್ಲವೂ ತಮ್ಮ ಫ್ರಾನ್ಸಿಸ್‌ಗೆ. ಮಗಳಿಗೆ 15,000 ಪೌಂಡ್. ಆದರೆ 14ನೇ ಶತಮಾನದ ರಾಜ ಎರಡನೇ ಎಡ್ವರ್ಡನ ಕಾಲದಿಂದಲೂ ಆ ಆಸ್ತಿ ಗಂಡು ಹೆಣ್ಣೆನ್ನದೆ ಸ್ವಂತ ಸಂತಾನಕ್ಕೆ ಹೋಗಬೇಕೆಂಬ ಕಟ್ಟಳೆ ಇತ್ತು. ಹದಿನೈದರ ಹುಡುಗಿಯ ಪರವಾಗಿ ತಾಯಿ ಮಾರ್ಗರೆಟ್ ದಾವೆಗೆ ಇಳಿದಳು. ಹಳೆಯ ದಾಖಲೆಗಳನ್ನು ಹುಡುಕಿಸಿ, ನಕಲು ತೆಗೆಸಿದಳು. ಈ ಮನೆತನದ ಚರಿತ್ರೆ ಇಂದು ಇಷ್ಟು ವಿವರವಾಗಿ ಸಿಗುವುದು ಆ ತಾಯಿಯ ಹಟದಿಂದ.

ಅತಿ ಕಠಿಣ ಕಾಲ 1616–17. ಆನ್‌ಳ ಗಂಡ, ಡಾರ್ಸೆಟ್‌ನ ಅರ್ಲ್ ರಿಚರ್ಡ್ ಸ್ಯಾಕ್‌ವಿಲ್‌ಗೆ ಬೇಕಾಗಿದ್ದುದು ಜಮೀನಲ್ಲ, ನಗದು. ರಾಜಿಗೆ ಸಹಿ ಹಾಕು ಎಂದು ಒತ್ತಾಯಿಸಲು ಇಂಗ್ಲೆಂಡಿನ ಚರ್ಚಿನ ಹಿರಿಯ ಧರ್ಮಗುರು, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಕೂಡ ಬಂದರು. 1616ರ ಮೇ ತಿಂಗಳಲ್ಲಿ, ಇನ್ನೂ ಎರಡು ತುಂಬದ ಮಗಳನ್ನು ಗಂಡ ಆಕೆಯಿಂದ ದೂರ ಕಳಿಸಿದ. ಅದೇ ತಿಂಗಳು ತಾಯಿಯೂ ತೀರಿಕೊಂಡಳು. ಮರುವರ್ಷ ಜನವರಿಯಲ್ಲಿ ಗಂಡನ ಜೊತೆ ರಾಜ ಜೇಮ್ಸ್‌ನ ಮುಂದೆ ಮಂಡಿಯೂರಿದ ಆನ್, ಜೀವ ಇರುವ ತನಕ ಯಾವ ಷರತ್ತಿಗೂ ವೆಸ್ಟ್‌ಮೋರ್‌ಲ್ಯಾಂಡ್ (ಮನೆತನದ ಜಮೀನಿದ್ದ ಸೀಮೆ) ಬಿಟ್ಟುಕೊಡುವುದಿಲ್ಲ ಎಂದಳು. ತನ್ನ ದಿನಚರಿಯಲ್ಲಿ ಇದನ್ನು ಬರೆದಿಟ್ಟಿದ್ದಾಳೆ. ಈ ಭಾಗ ಓದುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ರಾಜ ಆಕೆಯ ಒಪ್ಪಿಗೆಗೆ ಕಾಯಲಿಲ್ಲ. ಆಸ್ತಿ ಚಿಕ್ಕಪ್ಪನಿಗೂ ಅವನ ಗಂಡು ಸಂತಾನಕ್ಕೂ. ಆ ಸಂತತಿ ನಿಂತರೆ ಮಾತ್ರ ಆನ್‌ಗೆ ಎಂದು ತೀರ್ಪಿತ್ತ. 1643ರಲ್ಲಿ ಚಿಕ್ಕಪ್ಪನ ಮಗ ಹೆನ್ರಿ ಗಂಡುಮಕ್ಕಳಿಲ್ಲದೆ ಸತ್ತ. ಹೀಗಾಗಿ ‘ಗೆದ್ದಳೇ’ ಎಂಬ ನಿಮ್ಮ ಪ್ರಶ್ನೆಗೆ ಹೌದು ಎನ್ನಲು ನನಗೆ ಮನಸ್ಸಿಲ್ಲ. ಕಾನೂನು ಆಕೆಗೆ ನ್ಯಾಯ ಕೊಡಲಿಲ್ಲ. ದಾಯಾದಿಗಳಿಗಿಂತ ಹೆಚ್ಚು ಕಾಲ ಬದುಕಿದ್ದರಿಂದ ಆಸ್ತಿ ಬಂತು.

ಅಷ್ಟರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ. ಮೂರು ವರ್ಷದ ಮುತ್ತಿಗೆ ಕಂಡ ಸ್ಕಿಪ್ಟನ್ ಕೋಟೆಯನ್ನು ಪಾರ್ಲಿಮೆಂಟ್ ಭಾಗಶಃ ಕೆಡವಿಸಿತ್ತು. 1649ರಲ್ಲಿ ಉತ್ತರಕ್ಕೆ ಹೋದ ಆನ್, ಸುಮಾರು ಅರವತ್ತರ ವಯಸ್ಸಿನಲ್ಲಿ, ಸ್ಕಿಪ್ಟನ್, ಆಪಲ್‌ಬಿ, ಬ್ರೂಮ್, ಬ್ರಫ್, ಪೆಂಡ್ರ್ಯಾಗನ್ ಕೋಟೆಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಿದಳು. ಆಪಲ್‌ಬಿಯಲ್ಲಿ ಬಡ ವಿಧವೆಯರಿಗೆ ಮನೆಗಳನ್ನು ಕಟ್ಟಿಸಿದಳು. ತಾಯಿಯನ್ನು ಕೊನೆಯ ಸಲ ಬೀಳ್ಕೊಟ್ಟ ಜಾಗದಲ್ಲಿ 1656ರಲ್ಲಿ ಕಂಬ ನಿಲ್ಲಿಸಿ, ಪ್ರತಿ ಏಪ್ರಿಲ್ 2ರಂದು ಬಡವರಿಗೆ ಹಂಚಲು ವರ್ಷಕ್ಕೆ 4 ಪೌಂಡ್ ದತ್ತಿ ಇಟ್ಟಳು.

ಒಂದನ್ನು ಮುಚ್ಚಿಡಬಾರದು. ತನ್ನ ಹಕ್ಕಿಗಾಗಿ ಅಷ್ಟು ನೊಂದ ಆಕೆಯೇ ಗೇಣಿಯ ವಿಚಾರದಲ್ಲಿ ವೆಸ್ಟ್‌ಮೋರ್‌ಲ್ಯಾಂಡಿನ ಒಕ್ಕಲುಗಳನ್ನು ಕೋರ್ಟಿಗೆ ಎಳೆದಳು. 1676ರಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಆಸ್ತಿ ಹೋದದ್ದು ಮಗಳು ಮಾರ್ಗರೆಟ್ ಮದುವೆಯಾಗಿದ್ದ ಟಫ್ಟನ್ ಮನೆತನಕ್ಕೆ. ಆ ಮೊಮ್ಮಕ್ಕಳ ಕಾಲದಲ್ಲೇ ಬ್ರೂಮ್ ಕೋಟೆಯನ್ನು ಕೆಡವಿ ಮಾರಿದರು. ಸ್ಕಿಪ್ಟನ್ ಇಂದಿಗೂ ಮಾಡು ಸಮೇತ ನಿಂತಿದೆ, ಒಳಗೆ ಹೋಗಿ ನೋಡಬಹುದು.