ಗಡಾಫಿ ಹೋದ ಮೇಲೂ ಲಿಬಿಯಾ ಏಕೆ ಒಂದಾಗಲಿಲ್ಲ?

ಕಾರವಾರದ ಓದುಗರೊಬ್ಬರ ಈ ಪ್ರಶ್ನೆಗೆ ಉತ್ತರ ಗಡಾಫಿಯ ಆಳ್ವಿಕೆಯಲ್ಲೇ ಇದೆ: ತನ್ನ ನಂತರ ದೇಶ ನಡೆಸಬಲ್ಲ ಯಾವ ಸಂಸ್ಥೆಯನ್ನೂ ಆತ ಬೆಳೆಯಗೊಡಲಿಲ್ಲ. ಸರ್ವಾಧಿಕಾರಿಯ ಕಣ್ಣಿಗೆ ಬಲವಾದ ಸೇನೆ, ಪಕ್ಷ, ನ್ಯಾಯಾಲಯಗಳೆಲ್ಲವೂ ಪ್ರತಿಸ್ಪರ್ಧಿಗಳೇ ಆಗಿರುವುದರಿಂದ ಅವನ್ನು ಬೇಕೆಂದೇ ದುರ್ಬಲವಾಗಿಡುತ್ತಾನೆ. 1969ರಲ್ಲಿ ಸೇನಾ ದಂಗೆಯಿಂದಲೇ ಅಧಿಕಾರ ಹಿಡಿದಿದ್ದ ಗಡಾಫಿಗೆ ಆ ಅಪಾಯ ಚೆನ್ನಾಗಿಯೇ ತಿಳಿದಿತ್ತು. ಆತ ಪಕ್ಷಗಳನ್ನು ನಿಷೇಧಿಸಿದ, ಸೇನೆಯನ್ನು ಕಡೆಗಣಿಸಿ ಮಕ್ಕಳ ಹಿಡಿತದ ಪಡೆಗಳನ್ನು ಪೋಷಿಸಿದ. ಶಿರಸಿಯ ತೋಟದಲ್ಲಿ ಅಡಿಕೆ ಮರ ಉರುಳಿದರೆ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ನೆಲಕ್ಕೆ ಬೀಳುವಂತೆ, 2011ರ ಅಕ್ಟೋಬರ್ 20ರಂದು ಆತ ಹತನಾದಾಗ ಆಡಳಿತವೂ ಕುಸಿಯಿತು. ಬಂದೂಕುಗಳು ಊರೂರಿನ ಗುಂಪುಗಳ ಕೈಯಲ್ಲಿದ್ದವು. 2012ರಲ್ಲಿ ಚುನಾವಣೆ ನಡೆದರೂ ಆಯ್ಕೆಯಾದವರಿಗೆ ಅವನ್ನು ಹತೋಟಿಗೆ ತರಲಾಗದೆ, 2014ರಲ್ಲಿ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಸರ್ಕಾರವಾಯಿತು.

ನೆರೆಯ ಟ್ಯುನೀಷಿಯಾದಲ್ಲಿ ಸರ್ವಾಧಿಕಾರಿ ಅಧ್ಯಕ್ಷ ಬೆನ್ ಅಲಿ 2011ರ ಜನವರಿ 14ರಂದು ಪಲಾಯನ ಮಾಡಿದಾಗ, ರಾಜಕೀಯದಿಂದ ದೂರವಿದ್ದ ಸೇನೆಯೂ ಪ್ರಬಲ ಕಾರ್ಮಿಕ ಸಂಘಟನೆಯೂ ಉಳಿದಿದ್ದವು. 2014ರಲ್ಲಿ ಹೊಸ ಸಂವಿಧಾನ ಬಂತು. ಆದರೆ ಅದೂ ಬಹುಕಾಲ ನಿಲ್ಲಲಿಲ್ಲ, 2021ರಲ್ಲಿ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನು ಅಮಾನತಿನಲ್ಲಿಟ್ಟರು.